ಪ್ರಾಗಿನ ರಬ್ಬಿ, ಹನೋವರಿನ ಪುಸ್ತಕಗಳು

ಹಳೆಯ ಹೀಬ್ರೂ ಪುಸ್ತಕಗಳ ಮೊದಲ ಹಾಳೆಯಲ್ಲಿ ಒಂದು ಕೈಬರಹದ ಸಾಲು ಮತ್ತೆ ಮತ್ತೆ ಸಿಗುತ್ತದೆ. ಮನುಷ್ಯ ಯಾವತ್ತೂ ತನ್ನ ಪುಸ್ತಕದ ಮೇಲೆ ತನ್ನ ಹೆಸರು ಬರೆದಿಡಬೇಕು, ಇಲ್ಲದಿದ್ದರೆ ಪೇಟೆಯಿಂದ ಯಾರೋ ಬಂದು ಇದು ನನ್ನದು ಅಂದಾರು ಎಂಬ ಸಾಲು. ಅದರ ಕೆಳಗೆ ಪುಸ್ತಕದ ಯಜಮಾನನ ಹೆಸರು, ಅವನ ಅಪ್ಪನ ಹೆಸರು, ಕೆಲವೊಮ್ಮೆ ಊರು. ಇನ್ನು ಕೆಲವರು ಭೂಮಿಯೂ ಅದರ ಮೇಲಿರುವುದೆಲ್ಲವೂ ದೇವರದೇ ಎಂಬ ಕೀರ್ತನೆಯ ಮಾತನ್ನು ಮೊದಲು ಬರೆಯುತ್ತಾರೆ. ಆಮೇಲೆ ತಮ್ಮ ಹೆಸರು ಹಾಕುತ್ತಾರೆ. ಎಷ್ಟೋ ಸಲ ಒಬ್ಬರ ಹೆಸರಿನ ಕೆಳಗೆ ಇನ್ನೊಬ್ಬರದು ಇರುತ್ತದೆ. ಅಪ್ಪ, ಮಗ, ಅಳಿಯ, ಕೊನೆಗೆ ದುಡ್ಡು ಕೊಟ್ಟು ಕೊಂಡವರು. ಒಂದು ಮಸಿ ಇನ್ನೂ ಕಪ್ಪಗಿದೆ, ಇನ್ನೊಂದು ಕಂದು ಬಣ್ಣಕ್ಕೆ ತಿರುಗಿದೆ.

ದೊಡ್ಡ ಗ್ರಂಥಾಲಯಗಳು ಈಗ ಇಂಥ ಪುಸ್ತಕಗಳ ಫೋಟೋ ತೆಗೆದು ನೆಟ್‌ನಲ್ಲಿ ಹಾಕಿವೆ. ಯಾರು ಬೇಕಾದರೂ ಕೂತಲ್ಲೇ ನೋಡಬಹುದು. ನಾನು ಬಿಡುವಾದಾಗಲೆಲ್ಲ ನೋಡುತ್ತಿರುತ್ತೇನೆ, ಜೊತೆಗೆ ಆ ಪುಸ್ತಕಗಳ ಕತೆ ಹುಡುಕಿ ಓದುತ್ತೇನೆ. 16ನೇ ಶತಮಾನದಿಂದ 18ನೇ ಶತಮಾನದವರೆಗೆ ಯುರೋಪಿನ ಯಹೂದಿಗಳು ಪುಸ್ತಕ ಕೂಡಿಟ್ಟ ಬಗೆಯನ್ನು ಓದುತ್ತಾ ಹೋದಂತೆ ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತಿದೆ. ಜನ ಜಾಸ್ತಿ ಓದಿದ ಪುಸ್ತಕವೇ ಮೊದಲು ಮಾಯವಾಗುತ್ತದೆ. ಯಾರೋ ಒಬ್ಬರು ಹಟ ಹಿಡಿದು ಅದರ ಒಂದು ಪ್ರತಿಯನ್ನು ಎತ್ತಿಡದೆ ಹೋದರೆ, ಅಂಥದ್ದೊಂದು ಪುಸ್ತಕ ಇತ್ತು ಅನ್ನುವುದೂ ನಮಗೆ ಗೊತ್ತಾಗುವುದಿಲ್ಲ. ಹಾಗೆ ಎತ್ತಿಟ್ಟ ಡೇವಿಡ್ ಒಪೆನ್‌ಹೈಮ್ ಎಂಬ ಒಬ್ಬ ರಬ್ಬಿಯ, ಅಂದರೆ ಯಹೂದಿ ಧರ್ಮಗುರುವಿನ, ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಆಸೆಯಿತ್ತು. ಅವರ ಹತ್ತಿರ ಹೋಗುವ ಮೊದಲು ಸ್ವಲ್ಪ ಹಿಂದಿನಿಂದ ಶುರು ಮಾಡುತ್ತೇನೆ.

ಯಹೂದಿಗಳಲ್ಲಿ ಧರ್ಮಗ್ರಂಥ ಕೈಜಾರಿ ಬಿದ್ದರೆ ಎತ್ತಿ ಮುತ್ತಿಡುತ್ತಾರೆ. ನಮ್ಮಲ್ಲಿ ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಂಡ ಹಾಗೆಯೇ. ಹರಿದು ಹಾಳಾದ ಗ್ರಂಥವನ್ನು ಕಸಕ್ಕೆ ಹಾಕುವಂತಿಲ್ಲ. ಸಿನಗಾಗ್ ಎಂಬ ಪ್ರಾರ್ಥನಾ ಮಂದಿರದ ಒಂದು ಮೂಲೆಯಲ್ಲೋ ಅಟ್ಟದ ಮೇಲೋ ಕೂಡಿಟ್ಟು, ಕೊನೆಗೆ ಮಣ್ಣು ಮಾಡುತ್ತಾರೆ. ಪುಸ್ತಕ ಇಟ್ಟುಕೊಂಡವರಿಗೆ ನಿಯಮಗಳೂ ಇದ್ದವು. 12ನೇ ಶತಮಾನದಲ್ಲಿ ದಕ್ಷಿಣ ಫ್ರಾನ್ಸಿನ ಲುನೆಲ್ ಎಂಬ ಊರಿನಲ್ಲಿದ್ದ ವೈದ್ಯ, ಅನುವಾದಕ ಯೂದಾ ಇಬ್ನ್ ತಿಬ್ಬೋನ್ ತಮ್ಮ ಮಗ ಸ್ಯಾಮ್ಯುಯೆಲ್‌ಗೆ ಒಂದು ಉದ್ದನೆಯ ಬುದ್ಧಿಮಾತಿನ ಪತ್ರ ಬರೆದಿಟ್ಟರು. ಅದರಲ್ಲಿ ಪುಸ್ತಕದ ಮಾತೇ ಎಷ್ಟೋ ಇದೆ. ಹೀಬ್ರೂ ಪುಸ್ತಕಗಳನ್ನು ತಿಂಗಳಿಗೊಮ್ಮೆ ತೆಗೆದು ನೋಡು, ಅರಬ್ಬಿಯವನ್ನು ಎರಡು ತಿಂಗಳಿಗೊಮ್ಮೆ, ಕಟ್ಟು ಹಾಕಿದ ಹಸ್ತಪ್ರತಿಗಳನ್ನು ಮೂರು ತಿಂಗಳಿಗೊಮ್ಮೆ ನೋಡು ಅನ್ನುತ್ತಾರೆ. ಕೊಳ್ಳಲು ಕೈಲಾಗದವರು ಕೇಳಿದರೆ ಇಲ್ಲವೆನ್ನಬೇಡ, ಆದರೆ ತಿರುಗಿ ಕೊಡುವವರು ಅಂತ ನಂಬಿಕೆಯಿದ್ದರೆ ಮಾತ್ರ ಕೊಡು, ಕೊಡುವ ಮೊದಲು ಬರೆದಿಟ್ಟುಕೋ ಅನ್ನುತ್ತಾರೆ. ಎಂಟುನೂರು ವರ್ಷ ಹಳೆಯ ಮಾತು. ಮನೆಯಲ್ಲಿ ಪುಸ್ತಕ ಇಟ್ಟುಕೊಂಡ ಯಾರಿಗಾದರೂ ಇವತ್ತೂ ಅರ್ಥವಾಗುತ್ತದೆ, ಅಲ್ವಾ.

ಆ ಕಾಲದಲ್ಲಿ ಎಲ್ಲವೂ ಕೈಬರಹ. ಒಂದು ಪುಸ್ತಕಕ್ಕೆ ಒಂದು ಮನೆಯಷ್ಟು ಬೆಲೆ ಬಾಳುವುದೂ ಇತ್ತು. ಅಚ್ಚಿನ ಯಂತ್ರ ಬಂದ ಮೇಲೆ ಲೆಕ್ಕವೇ ಬದಲಾಯಿತು. ವೆನಿಸ್ಸಿನಲ್ಲಿ ಡೇನಿಯಲ್ ಬಾಂಬರ್ಗ್ ಎಂಬ ಕ್ರೈಸ್ತ ಮುದ್ರಕರು 1520ರಿಂದ 1523ರ ನಡುವೆ ಬ್ಯಾಬಿಲೋನಿಯಾದ ಟಾಲ್ಮುಡ್ ಎಂಬ, ಯಹೂದಿಗಳ ಧರ್ಮಶಾಸ್ತ್ರದ ಚರ್ಚೆಗಳ ಮಹಾಗ್ರಂಥವನ್ನು ಪೂರ್ತಿಯಾಗಿ ಅಚ್ಚು ಹಾಕಿದರು. ಅದಕ್ಕೂ ಮೊದಲು ಇಡೀ ಟಾಲ್ಮುಡ್ ಮನೆಯಲ್ಲಿಟ್ಟುಕೊಂಡವರು ಬಹಳ ಕಡಿಮೆ. ಆದರೆ ಮೂವತ್ತು ವರ್ಷ ಕಳೆಯುವಷ್ಟರಲ್ಲಿ, 1553ರ ಸೆಪ್ಟೆಂಬರ್ 9ರಂದು, ರೋಮಿನ ಕಾಂಪೊ ದೆ ಫಿಯೊರಿ ಚೌಕದಲ್ಲಿ ಟಾಲ್ಮುಡ್ ಪ್ರತಿಗಳನ್ನು ರಾಶಿ ಹಾಕಿ ಸುಟ್ಟರು. ಮುಂದಿನ ತಿಂಗಳು ವೆನಿಸ್ಸಿನಲ್ಲೂ ಸುಟ್ಟರು. ಅಚ್ಚಾದ ಊರಿನಲ್ಲೇ ಬೂದಿಯಾಯಿತು.

ಅಲ್ಲಿಂದ ಮುಂದೆ ಇಟಲಿಯ ಯಹೂದಿ ಮನೆಗಳಲ್ಲಿ ಪುಸ್ತಕವಿರುವುದೆಂದರೆ ಅಧಿಕಾರಿಗಳಿಗೆ ಉತ್ತರ ಕೊಡಬೇಕಾದ ವಿಷಯವಾಯಿತು. ಇದು ಚೆನ್ನಾಗಿ ಕಾಣುವುದು ಉತ್ತರ ಇಟಲಿಯ ಮಾಂಟುವಾದಲ್ಲಿ. 1595ರಲ್ಲಿ ಅಲ್ಲಿನ ಯಹೂದಿಗಳೆಲ್ಲ ತಮ್ಮ ಮನೆಯಲ್ಲಿರುವ ಪುಸ್ತಕಗಳ ಪಟ್ಟಿ ಕೊಡಬೇಕಾಯಿತು. ಸೆನ್ಸಾರ್ ಅಧಿಕಾರಿಗಳು ಪ್ರತಿಯೊಂದನ್ನೂ ತಿರುವಿ, ಕ್ರೈಸ್ತ ಧರ್ಮಕ್ಕೆ ವಿರುದ್ಧ ಅಂತ ಕಂಡ ಸಾಲುಗಳನ್ನು ಮಸಿಯಿಂದ ಬಳಿದು ವಾಪಸು ಕೊಡುವ ಏರ್ಪಾಡು. ಆ ಪಟ್ಟಿಗಳು ಸಮುದಾಯದ ಕಡತಗಳಲ್ಲಿ ಉಳಿದುಕೊಂಡಿವೆ. ಸುಮಾರು 430 ಪಟ್ಟಿಗಳು, ಒಟ್ಟು 21,000ಕ್ಕೂ ಹೆಚ್ಚು ಪುಸ್ತಕಗಳು. ಮನೆಗೆ ಸರಾಸರಿ ಐವತ್ತರ ಹತ್ತಿರ ಬಂತು. 1595ರಲ್ಲಿ! ಬ್ಯಾಂಕಿನ ವ್ಯವಹಾರ ಮಾಡುವ ಶ್ರೀಮಂತರ ಮನೆಯಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ ಇತ್ತು, ಬಡವರ ಮನೆಯಲ್ಲಿ ನಾಲ್ಕೋ ಐದೋ. ಆದರೆ ಆ ನಾಲ್ಕೈದು ಇದ್ದವಲ್ಲ, ಅದು ದೊಡ್ಡದು.

ಏನೇನು ಇಟ್ಟುಕೊಂಡಿದ್ದರು? ಎಲ್ಲರ ಮನೆಯಲ್ಲೂ ಪ್ರಾರ್ಥನಾ ಪುಸ್ತಕ. ಆಮೇಲೆ ಬೈಬಲ್ಲು, ಅದರ ವ್ಯಾಖ್ಯಾನಗಳು, ಮಿಶ್ನಾ ಎಂಬ ಹಳೆಯ ಧರ್ಮನಿಯಮಗಳ ಸಂಗ್ರಹ, ಆಚಾರ ವಿಚಾರದ ನಿಯಮಗಳು. ಕೆಲವರಲ್ಲಿ ಇಟಾಲಿಯನ್ ಪುಸ್ತಕಗಳೂ ಇದ್ದವು. ಟಾಲ್ಮುಡ್ ಮಾತ್ರ ಕಾಣುವುದಿಲ್ಲ, ನಿಷೇಧವಿತ್ತು. ಅದರ ಜಾಗದಲ್ಲಿ ಜನ 11ನೇ ಶತಮಾನದ ಅಲ್ಫಾಸಿ ಎಂಬ ಪಂಡಿತರು ಮಾಡಿದ ಅದರ ಸಂಕ್ಷೇಪ ಓದಿದರು. ಟಾಲ್ಮುಡ್ಡಿನ ಕತೆಗಳನ್ನಷ್ಟೇ ಆಯ್ದು ಮಾಡಿದ ‘ಏನ್ ಯಾಕೋವ್’ ಎಂಬ ಪುಸ್ತಕ ಇತ್ತು. ಅದರ ಮೇಲೂ ಕಣ್ಣು ಬಿದ್ದಾಗ ‘ಏನ್ ಇಸ್ರಾಯೇಲ್’ ಅಂತ ಹೆಸರು ಬದಲಿಸಿ ವೆನಿಸ್ಸಿನಲ್ಲೇ ಅಚ್ಚು ಹಾಕಿದರು.

ಮಾಂಟುವಾದಲ್ಲಿ ಸೆನ್ಸಾರ್ ಕೆಲಸಕ್ಕೆ ಕೂತವರು ಮೂವರು. ಅವರಲ್ಲಿ ಹೆಚ್ಚು ಹೆಸರಾದವರು ದೊಮೆನಿಕೊ ಜೆರೊಸೊಲಿಮಿತಾನೊ. ಜೆರುಸಲೇಮಿನಲ್ಲಿ ಯಹೂದಿಯಾಗಿ ಹುಟ್ಟಿ, ಹೀಬ್ರೂ ಶಾಸ್ತ್ರ ಓದಿ, ಆಮೇಲೆ ಕ್ರೈಸ್ತರಾದವರು. ಅವರ ಸಹಿ ಇರುವ ಪುಸ್ತಕಗಳು ಇವತ್ತು ಎಷ್ಟೋ ದೇಶಗಳ ಗ್ರಂಥಾಲಯಗಳಲ್ಲಿವೆ. ಕೊನೆಯ ಪುಟದ ಕೆಳಗೆ ಲ್ಯಾಟಿನ್ ಲಿಪಿಯಲ್ಲಿ ಓರೆಯಾಗಿ ಹೆಸರು, ಪಕ್ಕದಲ್ಲಿ ಇಸವಿ. ಪುಟ ಹಿಂದಕ್ಕೆ ತಿರುವುತ್ತಾ ಹೋದರೆ ಅಲ್ಲಲ್ಲಿ ಸಾಲುಗಳ ಮೇಲೆ ಎಳೆದ ಮಸಿಯ ಪಟ್ಟಿ. ಕೆಲವು ಕಡೆ ಆ ಮಸಿ ಕಾಗದವನ್ನೇ ತಿಂದು ತೂತು ಮಾಡಿದೆ. ಇನ್ನು ಕೆಲವು ಕಡೆ ಅದರ ಬಣ್ಣ ಮಾಸಿ, ಕೆಳಗಿನ ಅಚ್ಚಿನ ಅಕ್ಷರ ಮತ್ತೆ ಕಾಣುತ್ತಿದೆ. ಅಚ್ಚಿನ ಮಸಿ ಬೇರೆ, ಕೈಬರಹದ ಮಸಿ ಬೇರೆ. ಎಣ್ಣೆಯಲ್ಲಿ ಕಾಡಿಗೆ ಕಲಸಿ ಮಾಡಿದ ಅಚ್ಚಿನ ಮಸಿ ನಾನೂರು ವರ್ಷ ಕಳೆದರೂ ಕಪ್ಪಾಗಿಯೇ ಇದೆ.

ಮಾಂಟುವಾದ ಆ ಮನೆಗಳ ಪುಸ್ತಕಗಳು ಆಮೇಲೆ ಚೆಲ್ಲಾಪಿಲ್ಲಿಯಾದವು. ಸಾಮಾನ್ಯ ಜನರ ಮನೆಯಲ್ಲಿ ಏನಿತ್ತು ಅಂತ ಇಷ್ಟು ನಿಖರವಾಗಿ ಗೊತ್ತಾಗಿದ್ದು ಅಧಿಕಾರಿಗಳಿಗೆ ಹೆದರಿ ಬರೆದ ಆ ಪಟ್ಟಿಗಳಿಂದ. ಅಂಥ ಪಟ್ಟಿಯನ್ನು ಪ್ರೀತಿಯಿಂದ, ತಾವಾಗಿಯೇ ಮಾಡಿದವರು ಎಂಬತ್ತೈದು ವರ್ಷಗಳ ನಂತರ ಬಂದರು.

ಶಬ್ಬತಾಯ್ ಬಾಸ್ ಹುಟ್ಟಿದ್ದು 1641ರಲ್ಲಿ, ಪೋಲೆಂಡಿನ ಕಾಲಿಶ್‌ನಲ್ಲಿ. 1655ರ ಯುದ್ಧದ ಗಲಭೆಯಲ್ಲಿ ಅಪ್ಪ ಅಮ್ಮ ಇಬ್ಬರೂ ಕೊಲೆಯಾದರು. ಹುಡುಗ ಪ್ರಾಗಿಗೆ ಬಂದರು. ಅಲ್ಲಿನ ಪ್ರಸಿದ್ಧ ಹಳೆಯ ಸಿನಗಾಗಿನಲ್ಲಿ ಪ್ರಾರ್ಥನೆಗೆ ಕೆಳದನಿಯ ಹಾಡುಗಾರರಾದರು, ಬಾಸ್ ಅನ್ನುವ ಹೆಸರು ಬಂದದ್ದು ಅಲ್ಲಿಂದಲೇ. ಹಾಡುವುದು ಹೊಟ್ಟೆಪಾಡು, ಪುಸ್ತಕ ಅವರ ಹುಚ್ಚು. 1674ರಿಂದ ಐದು ವರ್ಷ ಪೋಲೆಂಡ್, ಜರ್ಮನಿ, ಹಾಲೆಂಡುಗಳಲ್ಲಿ ಊರೂರು ತಿರುಗಿದರು. ಎಲ್ಲೆಲ್ಲಿ ಪುಸ್ತಕವಿದೆಯೋ ಅಲ್ಲಿ ಹೋಗಿ, ತೆರೆದು ನೋಡಿ, ಬರೆದುಕೊಂಡರು. 1680ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ‘ಸಿಫ್ತೆ ಯೆಶೆನೀಮ್’ ಎಂಬ ಹೆಸರಿನಲ್ಲಿ ಅದನ್ನು ಅಚ್ಚು ಹಾಕಿಸಿದರು. ಹೀಬ್ರೂ ಪುಸ್ತಕಗಳ ಬಗ್ಗೆ ಒಬ್ಬ ಯಹೂದಿ ಹೀಬ್ರೂವಿನಲ್ಲೇ ಮಾಡಿದ ಮೊದಲ ಸೂಚಿ ಇದು. 2,200ಕ್ಕೂ ಹೆಚ್ಚು ಪುಸ್ತಕಗಳು. ಹೆಸರು, ಬರೆದವರು, ವಿಷಯ, ಅಳತೆ, ಅಚ್ಚಾದ ಊರು, ಇಸವಿ. ಎಲ್ಲವೂ ಅಕಾರಾದಿಯಲ್ಲಿ.

ಅದರ ಮುನ್ನುಡಿಯಲ್ಲಿ ಬಾಸ್ ಪುಸ್ತಕಗಳ ಹೆಸರು ಗೊತ್ತಿದ್ದರೆ ಆಗುವ ಹತ್ತು ಉಪಯೋಗಗಳನ್ನು ಹೇಳುತ್ತಾರೆ. ಶಾಸ್ತ್ರ ಓದಲು ಬಾರದ ಸಾಮಾನ್ಯ ಜನ ಪುಸ್ತಕಗಳ ಹೆಸರನ್ನಷ್ಟೇ ಹೇಳಿಕೊಂಡರೂ ಪುಣ್ಯ ಎಂಬ ಹಿರಿಯರ ಮಾತನ್ನೂ ನೆನೆಯುತ್ತಾರೆ. ನನಗೆ ಈ ಮಾತು ಬಹಳ ಇಷ್ಟ. ಅಪ್ಪ ಅಮ್ಮನನ್ನು ಹದಿನಾಲ್ಕನೇ ವಯಸ್ಸಿಗೆ ಕಳೆದುಕೊಂಡ ಒಬ್ಬರು ಊರೂರು ಅಲೆದು ಹೆಸರುಗಳನ್ನು ಕೂಡಿಸುತ್ತಿದ್ದರು ಅಂದಾಗ ಆ ಸೂಚಿ ಸುಮ್ನೆ ಗ್ರಂಥಾಲಯದ ಕಡತವಾಗಿ ಉಳಿಯುವುದಿಲ್ಲ.

ಆಮ್‌ಸ್ಟರ್‌ಡಾಮಿನಲ್ಲಿ ಬಾಸ್ ಕಂಡ ಒಂದು ಗ್ರಂಥಾಲಯದ ವರ್ಣನೆಯೂ ಅಲ್ಲಿದೆ. ಸ್ಪೇನ್, ಪೋರ್ಚುಗಲ್ಲಿನಿಂದ ತಪ್ಪಿಸಿಕೊಂಡು ಬಂದ ಯಹೂದಿಗಳು 1616ರಲ್ಲಿ ಅಲ್ಲಿ ಒಂದು ಶಾಲೆ ತೆರೆದಿದ್ದರು. ಅದರ ಜೊತೆಗೆ ಬೆಳೆದದ್ದೇ ‘ಎಟ್ಸ್ ಹಯೀಮ್’ ಗ್ರಂಥಾಲಯ. ಶಾಲೆ ನಡೆಯುವಷ್ಟು ಹೊತ್ತು ಪುಸ್ತಕದ ಕೋಣೆ ತೆರೆದಿರುತ್ತದೆ, ಯಾರಿಗೆ ಏನು ಬೇಕೋ ಓದಲು ಕೊಡುತ್ತಾರೆ, ಆದರೆ ಎಷ್ಟು ದುಡ್ಡು ಇಟ್ಟರೂ ಹೊರಗೆ ಒಯ್ಯಲು ಬಿಡುವುದಿಲ್ಲ ಅಂತ ಬಾಸ್ ಬರೆಯುತ್ತಾರೆ. ಆ ಗ್ರಂಥಾಲಯ ಇವತ್ತಿಗೂ ಅದೇ ಊರಿನಲ್ಲಿದೆ. ಇದೇ ಆಮ್‌ಸ್ಟರ್‌ಡಾಮಿನವರು 1686ರಲ್ಲಿ ಮೊಸೆ ಪೆರೈರಾ ದೆ ಪೈವಾ ಎಂಬುವರ ಮುಂದಾಳತ್ವದಲ್ಲಿ ನಮ್ಮ ಪಕ್ಕದ ಕೊಚ್ಚಿಗೆ ಬಂದು, ಅಲ್ಲಿನ ಯಹೂದಿಗಳನ್ನು ಕಂಡು, ಆಮೇಲೆ ಅವರಿಗೆ ಪುಸ್ತಕಗಳನ್ನೂ ಕಳಿಸಿಕೊಟ್ಟರು. ಅದು ಬೇರೆಯದೇ ಒಂದು ಬರಹಕ್ಕಾಗುವಷ್ಟು ದೊಡ್ಡ ಕತೆ.

ಬಾಸ್ ಮುಂದೆ ಬ್ರೆಸ್‌ಲೌ ಹತ್ತಿರದ ಡಿಹೆರ್ನ್‌ಫರ್ಟ್ ಎಂಬ ಸಣ್ಣ ಊರಿನಲ್ಲಿ ತಮ್ಮದೇ ಅಚ್ಚಿನಮನೆ ಹಾಕಿದರು. 1712ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರನ್ನು ಜೈಲಿಗೆ ಹಾಕಿದರು. ಅವರು ಅಚ್ಚು ಹಾಕಿದ ಪುಸ್ತಕದಲ್ಲಿ ಕ್ರೈಸ್ತ ಧರ್ಮದ ನಿಂದೆಯಿದೆ ಅಂತ ಕ್ಯಾಥೊಲಿಕ್ ಚರ್ಚಿನ ಜೆಸೂಟ್ ಪಂಗಡದ ಪಾದ್ರಿಗಳು ದೂರಿದ್ದರು. ಕೊನೆಗೆ ಬಿಡುಗಡೆಯಾಯಿತು.

ಈಗ ಆ ರಬ್ಬಿಯ ವಿಷಯ. ಡೇವಿಡ್ ಒಪೆನ್‌ಹೈಮ್ ಹುಟ್ಟಿದ್ದು 1664ರಲ್ಲಿ, ರೈನ್ ನದಿಯ ದಡದ ವೋರ್ಮ್ಸ್ ಊರಿನಲ್ಲಿ. ಮನೆತನ ಬಹಳ ದೊಡ್ಡದು. ಅವರ ಅಪ್ಪನ ಸೋದರ ಸ್ಯಾಮ್ಯುಯೆಲ್ ಒಪೆನ್‌ಹೈಮರ್ ವಿಯೆನ್ನಾದಲ್ಲಿ ಚಕ್ರವರ್ತಿಯ ಸೈನ್ಯಕ್ಕೆ ಬೇಕಾದ ದವಸ ಧಾನ್ಯ, ಮದ್ದುಗುಂಡು ಒದಗಿಸುತ್ತಿದ್ದ ಸಾಹುಕಾರರು. ಡೇವಿಡ್ ಮದುವೆಯಾದದ್ದು ಜರ್ಮನಿಯ ಹನೋವರಿನ ಅರಮನೆಗೆ ಸಾಲ ಕೊಡುತ್ತಿದ್ದ ಲೆಫ್‌ಮನ್ ಬೆಹ್ರೆನ್ಸ್ ಅವರ ಮಗಳು ಗ್ನೆಂಡೆಲ್‌ಳನ್ನು. ಹಣಕ್ಕೆ ಕೊರತೆಯಿರಲಿಲ್ಲ. ಆದರೆ ಆ ಕಾಲದ ಶ್ರೀಮಂತ ಯಹೂದಿಗಳು ಎಷ್ಟೋ ಜನ. ಪುಸ್ತಕದ ಹಿಂದೆ ಇವರ ಹಾಗೆ ಬಿದ್ದವರು ಇನ್ನೊಬ್ಬರು ಕಾಣುವುದಿಲ್ಲ.

1688ರಲ್ಲಿ, ಇಪ್ಪತ್ತನಾಲ್ಕರ ಪ್ರಾಯದಲ್ಲಿ, ಅವರು ತಮ್ಮ ಹತ್ತಿರವಿದ್ದ ಪುಸ್ತಕಗಳ ಪಟ್ಟಿ ಮಾಡಿದರು. 480 ಪುಸ್ತಕ. ಮರುವರ್ಷ 1689ರ ಮೇ ಕೊನೆಗೆ ಫ್ರೆಂಚ್ ಸೈನ್ಯ ವೋರ್ಮ್ಸ್ ಪಟ್ಟಣವನ್ನು ಸುಟ್ಟಿತು, ಯಹೂದಿಗಳ ಕೇರಿಯೂ ಉರಿದುಹೋಯಿತು. ಅದೇ ವರ್ಷ ಜೂನ್ 21ರಂದು ಪ್ರಾಗಿನ ಯಹೂದಿ ಕೇರಿಗೆ ಬೆಂಕಿ ಬಿತ್ತು. ಹುಟ್ಟಿದ ಊರು, ಮುಂದೆ ಬಾಳಬೇಕಾದ ಊರು, ಎರಡೂ ಒಂದೇ ಬೇಸಿಗೆಯಲ್ಲಿ. ಪುಸ್ತಕ ಎಲ್ಲಿ ಇಡಬೇಕು ಅನ್ನುವ ಯೋಚನೆ ಅವರನ್ನು ಯಾಕೆ ಬಿಡಲಿಲ್ಲ ಅಂತ ಹೇಳಲು ಇದಕ್ಕಿಂತ ಹೆಚ್ಚೇನೂ ಬೇಡ.

ಮೊದಲು ಮೊರಾವಿಯಾದ ನಿಕೋಲ್ಸ್‌ಬರ್ಗಿನಲ್ಲಿ ರಬ್ಬಿಯಾಗಿದ್ದ ಒಪೆನ್‌ಹೈಮ್, 18ನೇ ಶತಮಾನದ ಮೊದಲ ವರ್ಷಗಳಲ್ಲಿ ಪ್ರಾಗಿನ ಮುಖ್ಯ ರಬ್ಬಿಯಾದರು. ಆಗ ಯುರೋಪಿನ ಬಹುದೊಡ್ಡ ಯಹೂದಿ ಸಮುದಾಯಗಳಲ್ಲಿ ಪ್ರಾಗಿನದೂ ಒಂದು. ಹಣ, ಅಧಿಕಾರ, ಶಿಷ್ಯರು ಎಲ್ಲ ಅಲ್ಲೇ. ಆದರೆ ಪುಸ್ತಕ ಸಂಗ್ರಹ ಮಾತ್ರ ಅಲ್ಲಿರಲಿಲ್ಲ. ಪ್ರಾಗಿನಲ್ಲಿ ಹೀಬ್ರೂ ಪುಸ್ತಕಗಳ ಮೇಲೆ ಜೆಸೂಟ್ ಪಾದ್ರಿಗಳ ಕಾವಲಿತ್ತು. ಯಾವಾಗ ಬೇಕಾದರೂ ಮನೆಗೆ ನುಗ್ಗಿ ಪುಸ್ತಕ ಹೊತ್ತೊಯ್ಯಬಹುದಿತ್ತು. ಹಾಗಾಗಿ ಒಪೆನ್‌ಹೈಮ್ ತಮ್ಮ ಸಂಗ್ರಹವನ್ನು ಪ್ರೊಟೆಸ್ಟೆಂಟ್ ಆಳ್ವಿಕೆಯ ಹನೋವರಿನಲ್ಲಿ, ಮಾವನ ಆಶ್ರಯದಲ್ಲಿ ಇಟ್ಟರು. ಪ್ರಾಗಿನಿಂದ ಹನೋವರಿಗೆ ಆಗಿನ ರಸ್ತೆಯಲ್ಲಿ ಗಾಡಿ ಕಟ್ಟಿಕೊಂಡು ಹೋದರೆ ಹಲವು ದಿನಗಳ ದಾರಿ. ಮುಖ್ಯ ರಬ್ಬಿಯಾದವರು ಬಯಸಿದಾಗ ಎದ್ದು ಹೋಗುವಂತಿರಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಅವರು ಒಂದು ಊರಿನಲ್ಲಿ, ಪುಸ್ತಕಗಳು ಇನ್ನೊಂದು ಊರಿನಲ್ಲಿ.

ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಪುಸ್ತಕ ಪ್ರೀತಿಸುವವರಿಗೆ ಅದನ್ನು ಕೈಯಿಂದ ಮುಟ್ಟುವುದು, ನಡುರಾತ್ರಿ ಎದ್ದು ಒಂದು ಸಾಲು ಹುಡುಕುವುದು, ಅದೇ ತಾನೇ ಸುಖ. ಅದನ್ನೇ ಬಿಟ್ಟುಕೊಟ್ಟು ಕೂಡಿಡುತ್ತಾ ಹೋದರು. ಕೂಡಿಡುವುದನ್ನು ನಿಲ್ಲಿಸಲಿಲ್ಲ ಅನ್ನುವುದು ಮುಖ್ಯ.

ಪುಸ್ತಕಗಳು ಬಂದ ದಾರಿಗಳು ಹಲವು. ಜಾತ್ರೆ, ಸಂತೆಗಳಿಗೆ ಹೋಗುವ ವ್ಯಾಪಾರಿಗಳು ತಂದುಕೊಟ್ಟರು. ದೂರದೂರದ ನೆಂಟರು, ಶಿಷ್ಯರು ಕಳಿಸಿದರು. ಆಗ ಹೀಬ್ರೂ ಪುಸ್ತಕ ಅಚ್ಚು ಹಾಕಿಸಬೇಕಾದರೆ ಹೆಸರಾಂತ ರಬ್ಬಿಗಳಿಂದ ಒಪ್ಪಿಗೆ ಪತ್ರ ಪಡೆದು ಮೊದಲ ಪುಟಗಳಲ್ಲಿ ಹಾಕುವುದು ರೂಢಿ. ಒಪೆನ್‌ಹೈಮ್ ಬರೆದುಕೊಟ್ಟ ಒಪ್ಪಿಗೆ ಪತ್ರಗಳು ಬಹಳ. ಪತ್ರ ಬೇಡಿ ಬಂದ ಲೇಖಕರ ಪುಸ್ತಕವೂ ಅವರಿಗೆ ಬರುತ್ತಿತ್ತು. ಕೆಲವು ಪುಸ್ತಕಗಳ ಒಂದೊಂದು ಪ್ರತಿಯನ್ನು ಅವರಿಗೆಂದೇ ಚರ್ಮದ ಹಾಳೆಯ ಮೇಲೆ, ಇಲ್ಲವೇ ನೀಲಿ ಕಾಗದದ ಮೇಲೆ ಅಚ್ಚು ಹಾಕುತ್ತಿದ್ದರು. ಹೀಗೆ ಅವರು ಪುಸ್ತಕ ಕೊಂಡರು, ಪಡೆದರು, ಹೊಸ ಪುಸ್ತಕಗಳು ಹುಟ್ಟಲು ಕಾರಣವೂ ಆದರು. ಶಾಸ್ತ್ರದ ಪ್ರಶ್ನೆಗಳಿಗೆ ಅವರೇ ಬರೆದ ಉತ್ತರಗಳು ಮಾತ್ರ ಪುಸ್ತಕವಾಗಿ ಬಂದದ್ದು 20ನೇ ಶತಮಾನದಲ್ಲಿ.

ಇನ್ನೊಂದು ದಾರಿಯೂ ಇತ್ತು. ತುರ್ಕರ ಮೇಲಿನ ಯುದ್ಧಗಳಲ್ಲಿ ಸಿಕ್ಕ ಹೀಬ್ರೂ ಹಸ್ತಪ್ರತಿಗಳನ್ನು ಸೇನಾಪತಿ ರಾಜಕುಮಾರ ಯುಜೀನ್ ಸ್ಯಾಮ್ಯುಯೆಲ್ ಒಪೆನ್‌ಹೈಮರ್‌ಗೆ ಕೊಟ್ಟರು, ಅವು ಡೇವಿಡ್ ಕೈಸೇರಿದವು ಅಂತ ಹಳೆಯ ಬರಹಗಳು ಹೇಳುತ್ತವೆ. ತುರ್ಕರ ಆಳ್ವಿಕೆಯ ಊರುಗಳಲ್ಲಿ ಹೀಬ್ರೂ ಹಸ್ತಪ್ರತಿ ಎಲ್ಲಿಂದ ಬರಬೇಕು? ಅಲ್ಲಿನ ಯಹೂದಿಗಳ ಮನೆ, ಸಿನಗಾಗುಗಳಿಂದಲೇ ತಾನೇ. 1686ರಲ್ಲಿ ಬುದಾ ನಗರ ಚಕ್ರವರ್ತಿಯ ಸೈನ್ಯಕ್ಕೆ ಬಿದ್ದಾಗ ಅಲ್ಲಿನ ಯಹೂದಿ ಸಮುದಾಯವೇ ನಾಶವಾಗಿತ್ತು. ಒಂದು ಕಡೆಯ ಯಹೂದಿಗಳು ಕಳೆದುಕೊಂಡದ್ದು ಇನ್ನೊಂದು ಕಡೆಯ ಯಹೂದಿಯ ಸಂಗ್ರಹ ಸೇರುವುದು ನನಗೆ ಕಷ್ಟದ ವಿಷಯ. ಆ ಹಾಳೆಗಳು ಹಾಗಾದರೂ ಉಳಿದವು ಅಂತ ಒಂದು ಮನಸ್ಸು ಹೇಳುತ್ತದೆ. ಅವುಗಳ ಮೊದಲ ಪುಟದಲ್ಲಿ ಬರೆದಿದ್ದ ಹೆಸರುಗಳ ಮನೆಯವರನ್ನು ನೆನೆದರೆ ಆ ಮಾತು ಬಾಯಿಗೆ ಬರುವುದಿಲ್ಲ.

1711ರ ಜನವರಿ 14ರಂದು ಫ್ರಾಂಕ್‌ಫರ್ಟಿನ ಯಹೂದಿ ಕೇರಿ ಪೂರ್ತಿ ಸುಟ್ಟುಹೋಯಿತು. ಬೆಂಕಿ ಹೊತ್ತಿದ್ದು ಅಲ್ಲಿನ ರಬ್ಬಿ ನಫ್ತಾಲಿ ಕೋಹೆನ್ ಅವರ ಮನೆಯಲ್ಲೇ. ಅವರ ಮೇಲೆ ಆರೋಪ ಬಂತು, ಊರು ಬಿಡಬೇಕಾಯಿತು. ಆಗ ಪ್ರಾಗಿನಲ್ಲಿ ಅವರಿಗೆ ಜಾಗ ಕೊಟ್ಟವರು ಒಪೆನ್‌ಹೈಮ್. ಮನೆ ಸುಟ್ಟುಹೋದ ಒಬ್ಬ ವಿದ್ವಾಂಸ, ಪುಸ್ತಕಗಳನ್ನು ದೂರ ಇಟ್ಟ ಇನ್ನೊಬ್ಬ ವಿದ್ವಾಂಸ, ಇಬ್ಬರೂ ಒಂದೇ ಸೂರಿನಡಿ ಏನು ಮಾತಾಡಿಕೊಂಡಿರಬಹುದು!

ಹನೋವರಿನ ಸಂಗ್ರಹ ಸುಮ್ನೆ ಮುಚ್ಚಿ ಕೂತಿರಲಿಲ್ಲ. ಹ್ಯಾಂಬರ್ಗಿನ ಕ್ರೈಸ್ತ ವಿದ್ವಾಂಸ ಯೊಹಾನ್ ಕ್ರಿಸ್ಟೊಫ್ ವೋಲ್ಫ್ 1715ರಿಂದ 1733ರವರೆಗೆ ನಾಲ್ಕು ಸಂಪುಟಗಳಲ್ಲಿ ಹೀಬ್ರೂ ಸಾಹಿತ್ಯದ ದೊಡ್ಡ ಸೂಚಿ ತಂದರು. ಅದಕ್ಕೆ ಒಂದು ಆಧಾರ ಬಾಸ್ ಮಾಡಿದ ಪಟ್ಟಿ, ಇನ್ನೊಂದು ಒಪೆನ್‌ಹೈಮ್ ಕೂಡಿಟ್ಟ ಪುಸ್ತಕಗಳು. ಪ್ರಾಗಿನ ಪಾದ್ರಿಗಳ ಕೈಗೆ ಸಿಗಬಾರದು ಅಂತ ದೂರ ಇಟ್ಟದ್ದನ್ನು ಇನ್ನೊಬ್ಬ ಕ್ರೈಸ್ತ ವಿದ್ವಾಂಸರಿಗೆ ತೆರೆದು ತೋರಿಸಿದ್ದರು.

ಸಂಗ್ರಹ ಕೊನೆಗೆ ಸುಮಾರು 780 ಹಸ್ತಪ್ರತಿ, 4,000ಕ್ಕೂ ಮೀರಿದ ಅಚ್ಚಿನ ಪುಸ್ತಕಗಳಷ್ಟಾಯಿತು. ಆದರೆ ನನ್ನ ಮಟ್ಟಿಗೆ ಒಪೆನ್‌ಹೈಮ್ ಮಾಡಿದ ದೊಡ್ಡ ಕೆಲಸ ಚರ್ಮದ ಹಾಳೆಯ ಟಾಲ್ಮುಡ್ಡಿನಲ್ಲೂ ಇಲ್ಲ, ಅಪರೂಪದ ಹಸ್ತಪ್ರತಿಗಳಲ್ಲೂ ಇಲ್ಲ. ಅವು ಬೇರೆ ಯಾರಾದರೂ ಇಟ್ಟಾರು. ಅವರು ಯಿಡ್ಡಿಷ್ ಭಾಷೆಯ ಸಣ್ಣಪುಟ್ಟ ಪುಸ್ತಕಗಳನ್ನೂ ಕೂಡಿಟ್ಟರು.

ಯಿಡ್ಡಿಷ್ ಮನೆಯ ಮಾತು, ಅಡುಗೆಮನೆಯ ಮಾತು, ಸಂತೆಯ ಮಾತು. ಪಂಡಿತರು ಬರೆಯುವುದು ಹೀಬ್ರೂವಿನಲ್ಲಿ. ಹೀಬ್ರೂ ಬಾರದ ಹೆಂಗಸರಿಗೂ ಸಾಮಾನ್ಯ ಗಂಡಸರಿಗೂ ಯಿಡ್ಡಿಷ್‌ನಲ್ಲಿ ಪ್ರಾರ್ಥನೆಗಳು, ಕತೆಗಳು, ಹಾಡುಗಳು ಅಗ್ಗದ ಕಾಗದದಲ್ಲಿ ಅಚ್ಚಾಗುತ್ತಿದ್ದವು. ಅದಕ್ಕೆ ಬೇರೆಯದೇ ಅಚ್ಚಿನ ಮೊಳೆ ಬಳಸುತ್ತಿದ್ದರು, ಪುಟ ನೋಡಿದ ಕೂಡಲೇ ಗುರುತು ಸಿಗುತ್ತದೆ. ಊರಿಗೆ ಬೆಂಕಿ ಬಿದ್ದರೆ ಅದರ ಮೇಲೊಂದು ಹಾಡು, ಪ್ಲೇಗ್ ಬಂದರೆ ಅದರ ಮೇಲೊಂದು. ನಾಲ್ಕೆಂಟು ಹಾಳೆ, ರಟ್ಟಿಲ್ಲ. ಕೊಂಡವರು ಹಾಡಿಕೊಂಡರು, ಮಡಚಿ ಜೇಬಿಗೆ ಹಾಕಿಕೊಂಡರು, ಹರಿದರು. ಯಾರೂ ಅದರ ಮೇಲೆ ಹೆಸರು ಬರೆದು ಮಗನಿಗೆ ಕೊಡಲಿಲ್ಲ.

ಹೆಂಗಸರಿಗಾಗಿ ಯಿಡ್ಡಿಷ್‌ನಲ್ಲಿ ಬೈಬಲ್ಲಿನ ಕತೆ ಹೇಳುವ ‘ತ್ಸೆನೆ ರೆನೆ’ ಎಷ್ಟು ಮನೆಗಳಲ್ಲಿತ್ತು ಅಂತ ಲೆಕ್ಕವೇ ಇಲ್ಲ. ನಮಗೆ ಸಿಕ್ಕಿರುವ ಅದರ ಅತಿ ಹಳೆಯ ಮುದ್ರಣ 1622ರದು. ಅದರ ಮುಖಪುಟವೇ ಹೇಳುತ್ತದೆ, ಇದಕ್ಕೂ ಮೊದಲಿನ ಮುದ್ರಣಗಳು ಮಾರಾಟವಾಗಿ ಈಗ ಸಿಗುತ್ತಿಲ್ಲ ಅಂತ. ಆ ಮೊದಲಿನವುಗಳ ಒಂದೇ ಒಂದು ಪ್ರತಿಯೂ ಇವತ್ತು ಎಲ್ಲೂ ಇಲ್ಲ. ಓದಿ ಓದಿ ಸವೆಸಿಬಿಟ್ಟರು.

ಇಂಥ ಪುಸ್ತಕಗಳು ಎಷ್ಟು ಮಾತಾಡುತ್ತವೆ ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 1696ರಲ್ಲಿ ಜರ್ಮನಿಯ ಡೆಸ್ಸೌ ಊರಿನಲ್ಲಿ ಒಂದು ಪ್ರಾರ್ಥನಾ ಪುಸ್ತಕ ಅಚ್ಚಾಯಿತು. ಅದರ ಕೊನೆಯಲ್ಲಿ ಮೊಳೆ ಜೋಡಿಸಿದವರು ಯಿಡ್ಡಿಷ್‌ನಲ್ಲಿ ನಾಲ್ಕು ಸಾಲು ಸೇರಿಸಿದ್ದಾರೆ. ಈ ಅಕ್ಷರಗಳನ್ನು ನಾನೇ ನನ್ನ ಕೈಯಾರೆ ಜೋಡಿಸಿದೆ, ನಾನು ಹಾಲೆಂಡಿನಿಂದ ಬಂದ ಮೋಸೆಯ ಮಗಳು, ನನ್ನ ಹೆಸರು ‘ಎಲ್ಲಾ’, ನನಗೆ ಒಂಬತ್ತಕ್ಕಿಂತ ಹೆಚ್ಚು ವಯಸ್ಸಾಗಿಲ್ಲ, ಆರು ಮಕ್ಕಳಲ್ಲಿ ನಾನೊಬ್ಬಳೇ ಹೆಣ್ಣು, ತಪ್ಪು ಕಂಡರೆ ಜೋಡಿಸಿದವಳು ಇನ್ನೂ ಮಗು ಅಂತ ನೆನೆಸಿಕೊಳ್ಳಿ. ಅದು ಆ ಸಾಲುಗಳ ಅರ್ಥ. ಒಂಬತ್ತು ವರ್ಷದ ಹುಡುಗಿಯ ಬೆರಳುಗಳು ಸೀಸದ ಮೊಳೆಗಳನ್ನು ಒಂದೊಂದಾಗಿ ಆರಿಸಿ, ತಲೆಕೆಳಗಾಗಿ ಜೋಡಿಸಿದ್ದು. ರಾಜರ ಚರಿತ್ರೆಯಲ್ಲಾಗಲಿ ರಬ್ಬಿಗಳ ಚರಿತ್ರೆಯಲ್ಲಾಗಲಿ ‘ಎಲ್ಲಾ’ ಎಂಬ ಈ ಹುಡುಗಿ ಎಲ್ಲಿ ಬರಬೇಕು?

ಒಪೆನ್‌ಹೈಮ್‌ರ ಮಟ್ಟದ ವಿದ್ವಾಂಸರು ಇಂಥದ್ದನ್ನು ಕೊಂಡು, ಟಾಲ್ಮುಡ್ಡಿನ ಜೊತೆಗೇ ಇಡಿಸಿದರು. ಅವರು ಇಟ್ಟ ಯಿಡ್ಡಿಷ್ ಪುಸ್ತಕಗಳಲ್ಲಿ ಎಷ್ಟೋ ಇವತ್ತು ಜಗತ್ತಿನಲ್ಲಿ ಉಳಿದಿರುವ ಒಂದೇ ಪ್ರತಿ.

1736ರ ಸೆಪ್ಟೆಂಬರಿನಲ್ಲಿ ಒಪೆನ್‌ಹೈಮ್ ಪ್ರಾಗಿನಲ್ಲಿ ತೀರಿಕೊಂಡರು. ಎಂಟೇ ವರ್ಷಕ್ಕೆ, 1744ರ ಡಿಸೆಂಬರಿನಲ್ಲಿ, ಮರಿಯಾ ಥೆರೆಸಾ ರಾಣಿ ಪ್ರಾಗಿನ ಯಹೂದಿಗಳೆಲ್ಲ ಊರು ಬಿಡಬೇಕೆಂದು ಆಜ್ಞೆ ಹೊರಡಿಸಿದರು. ನಡುಚಳಿಗಾಲದಲ್ಲಿ ಮುದುಕರು ಮಕ್ಕಳೆನ್ನದೆ ಎಲ್ಲರೂ ಹೊರಟರು. ತಿರುಗಿ ಬರಲು ಅವಕಾಶ ಸಿಕ್ಕಿದ್ದು 1748ರಲ್ಲಿ. ಸಂಗ್ರಹ ಪ್ರಾಗಿನಲ್ಲಿದ್ದಿದ್ದರೆ ಅದರ ಗತಿ ಏನಾಗುತ್ತಿತ್ತು ಅಂತ ಊಹಿಸುವುದು ಕಷ್ಟವಲ್ಲ.

ಹನೋವರಿನ ಪುಸ್ತಕಗಳು ಮಗನಿಗೆ, ಅಲ್ಲಿಂದ ನೆಂಟರಿಗೆ ಹೋಗಿ, ಕೊನೆಗೆ ಹ್ಯಾಂಬರ್ಗ್ ಸೇರಿದವು. ಅಲ್ಲಿ ಗೋದಾಮಿನಲ್ಲಿ 28 ಪೆಟ್ಟಿಗೆಗಳಲ್ಲಿ ತುಂಬಿಟ್ಟರು. ಮಾರಲೆಂದು 1764ರಲ್ಲಿ ಒಂದು ಪಟ್ಟಿ, 1782ರಲ್ಲಿ ಒಂದು, 1826ರಲ್ಲಿ ಮತ್ತೊಂದು ಅಚ್ಚಾಯಿತು. ತತ್ವಜ್ಞಾನಿ ಮೋಸೆಸ್ ಮೆಂಡೆಲ್ಸೋನ್ ಈ ಸಂಗ್ರಹಕ್ಕೆ 50,000ದಿಂದ 60,000 ಥೇಲರ್ (ಆಗಿನ ಜರ್ಮನಿಯ ಬೆಳ್ಳಿ ನಾಣ್ಯ) ಬೆಲೆ ಕಟ್ಟಿದ್ದರು. ಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಯುರೋಪಿನ ಯಾವ ಯಹೂದಿ ಸಮುದಾಯವೂ ಬರಲಿಲ್ಲ ಅನ್ನುವುದು ನನಗೆ ನೋವಿನ ಸಂಗತಿ. ಅವರ ಕಷ್ಟಗಳು ಅವರಿಗಿದ್ದವು, ನಿಜ. ಆದರೂ ಎರಡು ಮೂರು ತಲೆಮಾರು ಆ ಪೆಟ್ಟಿಗೆಗಳ ಪಕ್ಕದಲ್ಲೇ ಓಡಾಡಿತು. ಇಂಥ ಪುಸ್ತಕಕ್ಕಾಗಿ ಹಂಬಲಿಸುತ್ತಿದ್ದ ವಿದ್ಯಾರ್ಥಿಗಳೂ ಅದೇ ಊರುಗಳಲ್ಲಿದ್ದರು.

1829ರಲ್ಲಿ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯ ಇಡೀ ಸಂಗ್ರಹವನ್ನು 9,000 ಥೇಲರಿಗೆ ಕೊಂಡಿತು, ಇಂಗ್ಲಿಷ್ ಲೆಕ್ಕದಲ್ಲಿ 2,080 ಪೌಂಡು. ಮೆಂಡೆಲ್ಸೋನ್ ಹೇಳಿದ ಬೆಲೆಯ ಐದನೇ ಒಂದು ಭಾಗವೂ ಅಲ್ಲ. ಪುಸ್ತಕಗಳು ಒಡೆದು ಹಂಚಿಹೋಗದೆ ಒಟ್ಟಿಗೇ ಹೋದವು, ಅದೊಂದು ಸಮಾಧಾನ. ಆದರೆ ಆಗ ಆಕ್ಸ್‌ಫರ್ಡಿಗೆ ವಿದ್ಯಾರ್ಥಿಯಾಗಿ ಸೇರಬೇಕಾದರೆ ಇಂಗ್ಲೆಂಡಿನ ಚರ್ಚಿನ 39 ವಿಧಿಗಳಿಗೆ ಸಹಿ ಹಾಕಬೇಕಿತ್ತು. ಯಹೂದಿ ಹಾಕುವಂತಿರಲಿಲ್ಲ. 1854ರವರೆಗೂ ಆ ನಿಯಮ ಇತ್ತು. ಜಗತ್ತಿನ ಅತಿ ದೊಡ್ಡ ಯಹೂದಿ ಪುಸ್ತಕ ಸಂಗ್ರಹಗಳಲ್ಲೊಂದು ಕಾಲು ಶತಮಾನ ಯಹೂದಿ ವಿದ್ಯಾರ್ಥಿಗೆ ಜಾಗವಿಲ್ಲದ ವಿಶ್ವವಿದ್ಯಾಲಯದಲ್ಲಿತ್ತು.

ಅದರ ಬೀಗ ನಿಜವಾಗಿ ತೆರೆದವರು ಮೊರಿಟ್ಜ್ ಸ್ಟೈನ್‌ಶ್ನೈಡರ್. 1816ರಲ್ಲಿ ಮೊರಾವಿಯಾದಲ್ಲಿ ಹುಟ್ಟಿದವರು, ಒಪೆನ್‌ಹೈಮ್ ಮೊದಲು ರಬ್ಬಿಯಾಗಿದ್ದ ಅದೇ ಸೀಮೆ. ಬರ್ಲಿನ್ನಿನಲ್ಲಿದ್ದುಕೊಂಡು, 1850ರಿಂದ ಬೇಸಿಗೆಗಳಲ್ಲಿ ಆಕ್ಸ್‌ಫರ್ಡಿಗೆ ಹೋಗಿ ಕೂತು, ಬಾಡ್ಲಿಯನ್ನಿನ ಹೀಬ್ರೂ ಅಚ್ಚಿನ ಪುಸ್ತಕಗಳ ಸೂಚಿ ಮಾಡಿದರು. 1852ರಿಂದ 1860ರವರೆಗೆ ಲ್ಯಾಟಿನ್ನಿನಲ್ಲಿ ಅದು ಅಚ್ಚಾಯಿತು. ಹೀಬ್ರೂ ಪುಸ್ತಕಗಳ ಮೇಲೆ ಕೆಲಸ ಮಾಡುವವರು ಇವತ್ತೂ ಅದನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಒಪೆನ್‌ಹೈಮ್‌ರಿಂದ ಬಂದ ಪ್ರತಿಯೊಂದು ಪುಸ್ತಕದ ಸಂಖ್ಯೆಯ ಹಿಂದೆ ಇವತ್ತಿಗೂ ‘ಒಪ್’ ಅಂತ ಅವರ ಹೆಸರಿನ ಮೊದಲ ಅಕ್ಷರಗಳಿವೆ.

ಆಕ್ಸ್‌ಫರ್ಡಿಗೆ ಹೋಗುವ ಮೊದಲೇ, 1848 ಮತ್ತು 1849ರಲ್ಲಿ, ಸ್ಟೈನ್‌ಶ್ನೈಡರ್ ಲೈಪ್‌ಜಿಗ್ಗಿನ ಒಂದು ಪತ್ರಿಕೆಯಲ್ಲಿ ಯಿಡ್ಡಿಷ್ ಪುಸ್ತಕಗಳ ಪಟ್ಟಿ ಕಂತು ಕಂತಾಗಿ ಬರೆದರು. ಅದಕ್ಕೆ ಮುಖ್ಯ ಆಧಾರ ಒಪೆನ್‌ಹೈಮ್ ಸಂಗ್ರಹ. ಪ್ರಾರ್ಥನೆ, ಕತೆ, ಬೆಂಕಿಯ ಹಾಡು, ಪ್ಲೇಗಿನ ಹಾಡು ಎಲ್ಲ ಅದರಲ್ಲಿವೆ. ಹಳೆಯ ಯಿಡ್ಡಿಷ್ ಸಾಹಿತ್ಯವನ್ನು ಯಾರೇ ಓದಲು ಹೊರಟರೂ ಇವತ್ತಿಗೂ ಆ ಪಟ್ಟಿಗೆ ಹೋಗುತ್ತಾರೆ, ಅಲ್ಲಿಂದ ‘ಒಪ್’ ಅಂತ ಗುರುತು ಹಾಕಿದ ಆ ಸಣ್ಣ ಪುಸ್ತಕಗಳಿಗೆ.